ಬಲಕ್ಕೆ ಎಳೆಯುವ ಕಾರು

೨೯ ಅಕ್ಟೋಬರ್ ೧೯೬೧, ಭಾನುವಾರ

ಬೆಳಿಗ್ಗೆ ಐದೂವರೆಗೆ ಶೆಡ್ಡಿನ ಬಾಗಿಲು ತೆಗೆದೆ. ನನಗಿಂತ ಮೊದಲು ಮಂಜು ಒಳಗೆ ಹೋಯಿತು. ಶೆಡ್ಡು ಎಷ್ಟು ಇಕ್ಕಟ್ಟು ಎಂದರೆ ಕಾರಿನ ಬಲಗಡೆ ಗೋಡೆಗೆ ತಾಗಿಕೊಂಡೇ ನಿಂತಿರುತ್ತದೆ. ಎಡಗಡೆ ಬಾಗಿಲಿನಿಂದ ಹತ್ತಿ, ಪಕ್ಕದ ಸೀಟಿನ ಮೇಲೆ ಜರುಗಿಕೊಂಡು ಸ್ಟೀರಿಂಗಿನ ಹಿಂದೆ ಕೂರಬೇಕು. ಇರುವುದೇ ಎರಡು ಸೀಟು.

ಬನಶಂಕರಿ ಗುಡಿ ದಾಟಿದ ಮೇಲೆ ಕನಕಪುರ ರಸ್ತೆಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಿದರೆ ಗಾಳಿ ನೇರವಾಗಿ ಹಣೆಗೆ ಬಡಿಯುತ್ತದೆ. ಐವತ್ತು ಮೈಲಿ ವೇಗ ದಾಟಿತೆಂದರೆ ಹುಣಸೆ ಮರಗಳು ಕರಗಿ, ಮದರಾಸಿನ ಹತ್ತಿರದ ಷೋಲಾವರಂನ ಹಳೆಯ ವಿಮಾನದ ಓಡುದಾರಿ ಕಾಣಿಸತೊಡಗುತ್ತದೆ. ಬಿಸಿಲು, ಹುಲ್ಲಿನ ಪಿಂಡಿಗಳು, ಬಾವುಟ ಹಿಡಿದು ನಿಂತ ಮನುಷ್ಯ. ಕಳೆದ ಫೆಬ್ರವರಿಯಲ್ಲಿ ಅಲ್ಲಿ ಒಂದು ಸುತ್ತು ಬರಲು ನನಗೆ ಹಿಡಿದದ್ದು ಎರಡು ನಿಮಿಷ ಒಂಬತ್ತು ಸೆಕೆಂಡು. ಈ ಸಲದ ಕಾರು ಓಟ ಫೆಬ್ರವರಿ ಹನ್ನೊಂದಕ್ಕೆ. ಆ ಒಂಬತ್ತು ಸೆಕೆಂಡನ್ನು ಉಜ್ಜಿ ಅಳಿಸಿಬಿಡಬೇಕು. ಬದುಕಿನಲ್ಲಿ ಸದ್ಯಕ್ಕೆ ನನಗೆ ಬೇಕಾಗಿರುವುದು ಅಷ್ಟೇ.

ಜರಗನಹಳ್ಳಿ ಬರುವ ಮುಂಚೆ ಬ್ರೇಕು ಒತ್ತಿದೆ. ಕಾರು ಬಲಕ್ಕೆ ಎಳೆಯಿತು. ಯಾರೋ ಕಿವಿ ಹಿಡಿದು ತಿರುಗಿಸಿದ ಹಾಗೆ. ಮತ್ತೆ ಒತ್ತಿದೆ, ಮತ್ತೆ ಬಲಕ್ಕೆ.

ನಾಳೆಯೇ ತಿಮ್ಮರಾಯಪ್ಪನ ಅಂಗಡಿಗೆ ಬಿಡಬೇಕು. ಅಶೋಕ ಸ್ತಂಭದ ಹತ್ತಿರ ಅವನ ರಿಪೇರಿ ಅಂಗಡಿ. ಶಾಮಣ್ಣ ಭಾವನ ಕಾಲದಿಂದಲೂ ಈ ಎಂ.ಜಿ. ಕಾರನ್ನು ಮುಟ್ಟಿದವನು ಅವನೊಬ್ಬನೇ. ನಲವತ್ತೇಳರಲ್ಲಿ ಊರು ಬಿಟ್ಟು ಹೋಗುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬನಿಂದ ಭಾವ ಇದನ್ನು ಕೊಂಡರು. ಹತ್ತು ವರ್ಷ ಸ್ವಂತ ಮಗುವಿನ ಹಾಗೆ ಒರೆಸಿದರು. ಆಮೇಲೆ ಕಾಮಾಲೆ ಬಂತು, ಹದಿನೈದೇ ದಿನ. ಅಲ್ಲಿಂದ ಅಕ್ಕ ಈ ಕಾರಿನಲ್ಲಿ ಒಂದು ಸಲವೂ ಕೂತಿಲ್ಲ. ಮಾರಲೂ ಬಿಟ್ಟಿಲ್ಲ.

೬ ನವೆಂಬರ್, ಸೋಮವಾರ

ತಿಮ್ಮರಾಯಪ್ಪ ವಾರವೆಲ್ಲ ಇಟ್ಟುಕೊಂಡು ಶನಿವಾರ ಕೊಟ್ಟಿದ್ದ. ಶನಿವಾರ ಮಧ್ಯಾಹ್ನ ಮನೆಗೆ ತರುವಾಗ ಗೆರೆ ಎಳೆದಷ್ಟು ನೇರ. ಭಾನುವಾರ ಬೆಳಿಗ್ಗೆ ಮತ್ತೆ ಅದೇ ಕತೆ. ಇವತ್ತು ಆಫೀಸು ಬಿಟ್ಟವನೇ ನೇರ ಅವನ ಅಂಗಡಿಗೆ ಹೋದೆ.

“ಎಡಗಡೆ ಎರಡೂ ಚಕ್ರದ ಬ್ರೇಕಿಗೆ ಎಣ್ಣೆ ಇಳಿದಿತ್ತು ಸಾರ್. ಅದಕ್ಕೇ ಎಡಗಡೆ ಹಿಡೀತಿರ್ಲಿಲ್ಲ, ಬಲಗಡೆ ಮಾತ್ರ ಹಿಡಿದು ಎಳೀತಿತ್ತು. ತೊಳೆದು, ಎಣ್ಣೆ ತಡೆಯೋ ಸೀಲು ಹೊಸದೇ ಹಾಕಿದೆ. ಮತ್ತೆ ಹೆಂಗೆ ಬಂತೋ ತಿಳೀತಿಲ್ಲ” ಎಂದ.

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ದಿನ ‘ನೀವು’ ಎನ್ನುತ್ತಿದ್ದವನು ಅಲ್ಲೇ ‘ನೀನು’ಗೆ ಇಳಿದೆ. “ಹೊಸ ಸೀಲು ಹಾಕಿದೆಯೋ, ಹಳೇದನ್ನೇ ಒರೆಸಿ ಕೂರಿಸಿದೆಯೋ? ನಮ್ಮ ಭಾವ ಇದ್ದಾಗ ಹೀಗೆ ಮಾಡೋ ಧೈರ್ಯ ಇತ್ತೇನು? ಕಳ್ಳ ಕೆಲಸ ಇದು.”

ಲಾರಿಯವರು ಇಬ್ಬರಿದ್ದರು, ತಮ್ಮ ಕಾರು ತೋರಿಸಲು ಬಂದ ಡಾಕ್ಟರೊಬ್ಬರಿದ್ದರು. ಎಲ್ಲರೂ ತಿರುಗಿ ನೋಡಿದರು. ತಿಮ್ಮರಾಯಪ್ಪ ಕೈ ಒರೆಸಿಕೊಂಡ. ತನ್ನ ಕೈಗಳನ್ನೇ ಒಂದು ಕ್ಷಣ ನೋಡಿಕೊಂಡ. “ಬೇರೆ ಕಡೆ ತೋರ್ಸಿ ಸಾರ್” ಎಂದ. ಅಷ್ಟೇ. ತಪ್ಪು ಮಾಡದವನು ಇಷ್ಟು ಸುಮ್ಮನಿರುತ್ತಾನೆಯೇ? ಬರುವಾಗ ಡಾಕ್ಟರಿಗೂ ಒಂದು ಮಾತು ಹೇಳಿ ಬಂದೆ, ಬ್ರೇಕಿನ ವಿಷಯ, ಇವನನ್ನು ನಂಬಬೇಡಿ ಎಂದು.

೧೮ ನವೆಂಬರ್, ಶನಿವಾರ

ದಂಡಿನ ಪ್ರದೇಶದ ದೊಡ್ಡ ಗ್ಯಾರೇಜಿನಿಂದ ಕಾರು ಬಂತು. ಅಲ್ಲಿ ನೆಲದ ಮೇಲೆ ಊಟ ಮಾಡಬಹುದು, ಅಷ್ಟು ಚೊಕ್ಕಟ. ಅವರೂ ಅದನ್ನೇ ಹೇಳಿದರು, ಎಡಗಡೆ ಎಣ್ಣೆ. ಅವರೂ ಸೀಲು ಬದಲಾಯಿಸಿ, ತೆಗೆದದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಲಾಲ್‌ಬಾಗಿನ ಪಕ್ಕ ಬರುವಾಗ ನಾಲ್ಕು ಸಲ ಬ್ರೇಕು ಒತ್ತಿ ನೋಡಿದೆ, ನಿಂತಲ್ಲೇ ನಿಂತಿತು. ಸಂತೋಷಕ್ಕೆ ಹಾಡಿಕೊಂಡು ಬಂದೆ.

ಅಕ್ಕ ಮನೆಯಲ್ಲಿರಲಿಲ್ಲ. ಶನಿವಾರ ಸಂಜೆ ಆಂಜನೇಯನ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬರುತ್ತಾಳೆ. ನನ್ನದು ಮಕರ ರಾಶಿ. ಶನಿ ಈಗ ಅಲ್ಲೇ ಮನೆ ಮಾಡಿಕೊಂಡಿದ್ದಾನಂತೆ. ಅದು ಸಾಲದು ಎಂದು ಫೆಬ್ರವರಿ ಮೊದಲ ವಾರ ಎಂಟು ಗ್ರಹಗಳು ಅದೇ ರಾಶಿಯಲ್ಲಿ ಕೂಡುತ್ತವಂತೆ. ಲೋಕವೇ ಮುಳುಗುತ್ತದೆ ಎಂದು ಊರೆಲ್ಲ ಮಾತು. ಅಕ್ಕನಿಗೆ ಲೋಕದ ಚಿಂತೆ ಇಲ್ಲ, ನನ್ನ ಚಿಂತೆ. “ಈ ವರ್ಷದ ಓಟ ಒಂದು ಬಿಟ್ಬಿಡೋ ವೆಂಕಟೂ” ಎಂದು ದಸರೆಯಲ್ಲೇ ಕೇಳಿದ್ದಳು. ಆಗುವುದಿಲ್ಲ ಎಂದೆ. ಆಮೇಲೆ ಕೇಳಿಲ್ಲ.

೧೯ ನವೆಂಬರ್, ಭಾನುವಾರ

ಎಳೆಯಿತು. ಬಲಕ್ಕೆ.

೩ ಡಿಸೆಂಬರ್, ಭಾನುವಾರ

ವಿಲ್ಸನ್ ಗಾರ್ಡನ್ನಿನ ಮೂರನೆಯವನೂ ಟೋಪಿ ಹಾಕಿದ. ಶನಿವಾರ ಸರಿ, ಭಾನುವಾರ ಬಲಕ್ಕೆ. ಈ ಊರಿನ ರಿಪೇರಿಯವರೆಲ್ಲ ಒಂದೇ ಗುರುವಿನ ಹತ್ತಿರ ಮಂತ್ರ ಕಲಿತು ಬಂದ ಹಾಗಿದೆ.

ಇವತ್ತು ಒಂದು ಎತ್ತಿನ ಗಾಡಿ ಎದುರಿಗೆ ಬಂತು. ನಿಧಾನ ಮಾಡೋಣ ಎಂದು ಬ್ರೇಕು ಒತ್ತಿದೆ. ಕಾರು ನೇರ ಗಾಡಿಯ ಕಡೆಗೆ ತಿರುಗಿತು. ಸ್ಟೀರಿಂಗಿಗೆ ಜೋತುಬಿದ್ದು ಎಳೆದೆ. ಕಾರು ನಿಂತಾಗ ಎತ್ತಿನ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. ಬಿಸಿಯಾಗಿತ್ತು, ಹುಲ್ಲಿನ ವಾಸನೆ ಇತ್ತು. ಗಾಡಿಯ ಮುದುಕ, “ಯಾಕ್ ಸಾಮಿ, ನಿದ್ದೆಗಣ್ಣಾ?” ಎಂದು ಕೇಳಿ ಹೋದ. ಬಹಳ ಹೊತ್ತು ಅಲ್ಲೇ ಮರದ ಕೆಳಗೆ ಕೂತಿದ್ದೆ. ಷೋಲಾವರಂನಲ್ಲಿ ಎಂಬತ್ತು ಮೈಲಿ ವೇಗದಲ್ಲಿ ಹೀಗಾದರೆ ಕತೆ ಮುಗಿಯಿತು. ಅಕ್ಕನಿಗೆ ಹೇಳಲಿಲ್ಲ.

ಡಾಕ್ಟರು ದಾರಿಯಲ್ಲಿ ಸಿಕ್ಕಿದ್ದರು. ತಿಮ್ಮರಾಯಪ್ಪ ಈಗ ಬ್ರೇಕಿನ ಕೆಲಸವನ್ನೇ ಹಿಡಿಯುತ್ತಿಲ್ಲವಂತೆ. ಪಂಚರು, ಬ್ಯಾಟರಿ, ಹಾರನ್ನು, ಅಷ್ಟೇ ಅಂತೆ. ಕಳ್ಳನಿಗೆ ಬುದ್ಧಿ ಬಂದಿದೆ. ಕೇಳಿ ಒಳಗೊಳಗೆ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

೧೪ ಡಿಸೆಂಬರ್, ಗುರುವಾರ

ಇನ್ನೂ ಹುಟ್ಟದ ರಸ್ತೆಗಳನ್ನು ಬರೆಯುವುದು ನನ್ನ ಉದ್ಯೋಗ. ರಾಗಿ ಹೊಲ, ಬಾವಿ, ಬಂಡೆ ಇರುವ ಕಡೆ ಕಾಗದದ ಮೇಲೆ ಗೆರೆ ಎಳೆದು ಮೂವತ್ತು ಅಡಿ, ನಲವತ್ತು ಅಡಿ ಎಂದು ಬರೆಯುತ್ತೇನೆ. ಮಧ್ಯಾಹ್ನದ ಹೊತ್ತು, ಮೇಲಿನವರು ಇಲ್ಲದಾಗ, ಆ ರಸ್ತೆಗಳಲ್ಲಿ ಕಾರು ಓಡಿಸುತ್ತೇನೆ. ಮೂಲೆಯಲ್ಲಿ ಗೇರು ಇಳಿಸಿ, ಉದ್ಯಾನಕ್ಕೆಂದು ಬಿಟ್ಟ ಹಸಿರು ಜಾಗವನ್ನು ಸುತ್ತಿ ಬರುತ್ತೇನೆ. ಅಲ್ಲಿ ಯಾರೂ ಅಡ್ಡ ಬರುವುದಿಲ್ಲ, ಬ್ರೇಕೂ ಬೇಕಿಲ್ಲ.

ಇವತ್ತು ಅಳತೆಗೆಂದು ಜರಗನಹಳ್ಳಿಗೆ ಕಳಿಸಿದ್ದರು. ಒಂದು ಬಾವಿಯ ಹತ್ತಿರ ಪಂಪಿನ ಎಂಜಿನ್ನು ಕೆಮ್ಮುತ್ತಾ ನಿಂತಿತು. ಐವತ್ತು ದಾಟಿದವನೊಬ್ಬ ಬಂದು, ಬಿದಿರು ಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟು, ಚಕ್ರ ತಿರುಗಿಸಲು ಹೇಳಿ, ಕಣ್ಣು ಮುಚ್ಚಿ ಕೂತ. ಆಮೇಲೆ ಒಂದೇ ಒಂದು ಬೋಲ್ಟು ಬಿಗಿ ಮಾಡಿದ. ನೀರು ಬಂತು. ಬೈರಣ್ಣ ಅಂತ ಹೆಸರು. ಸುತ್ತಲಿನ ಊರುಗಳ ಪಂಪುಗಳಿಗೆಲ್ಲ ಅವನೇ ವೈದ್ಯ.

ನನ್ನ ಕಾರಿನ ವಿಷಯ ಹೇಳಿದೆ. “ಕಾರು ಗೀರು ನಂಗೊತ್ತಿಲ್ಲ ಸಾಮಿ” ಎಂದ. ಬಲವಂತ ಮಾಡಿದ ಮೇಲೆ, “ತಂದು ಬಿಡಿ. ಆದ್ರೆ ಬಿರ್ಬಿರ್ನೆ ಆಗಾಕಿಲ್ಲ. ಎರಡು ವಾರ ನನ್ನತ್ರನೇ ಇರ್ಬೇಕು. ಮಧ್ಯದಾಗೆ ಮನೆಗೆ ತಕೊಂಡೋಗಂಗಿಲ್ಲ” ಎಂದ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ, ಒಂದೊಂದೇ ಭಾಗ ಬಿಚ್ಚಿ ಮಾರಲು ಎಂದುಕೊಳ್ಳುತ್ತಿದ್ದೆ. ಇವನ ಬಗ್ಗೆ ಯಾಕೋ ಹಾಗನ್ನಿಸಲಿಲ್ಲ.

೨೪ ಡಿಸೆಂಬರ್, ಭಾನುವಾರ

ಬಸ್ಸಿನಲ್ಲಿ ಜರಗನಹಳ್ಳಿಗೆ ಹೋದೆ. ಕಾರು ಹುಲ್ಲಿನ ಮೆದೆಯ ಪಕ್ಕ ನಿಂತಿತ್ತು. ಬಾನೆಟ್ಟಿನ ಮೇಲೆ ಒಂದು ಕೋಳಿ. ಹೋದ ತಿಂಗಳಾಗಿದ್ದರೆ ಕೋಳಿಯನ್ನೂ ಬೈರಣ್ಣನನ್ನೂ ಸೇರಿಸಿ ಬೈಯುತ್ತಿದ್ದೆ.

“ಏನು ಮಾಡಿದೆ ಬೈರಣ್ಣ?”

“ತೊಳೆದು ಒಣಗಿಸಿ ಹಾಕಿವ್ನಿ. ಇನ್ನೇನೂ ಮುಟ್ಟಿಲ್ಲ. ಓಡ್ಸಿ ನೋಡಿ.”

ಓಡಿಸಿದೆ. ಎಲ್ಲಿ ಒತ್ತಿದರೆ ಅಲ್ಲೇ ನಿಂತಿತು. ಭಾನುವಾರ, ಆದರೂ ನೇರ. ವಾಪಸು ಬಂದು ಮೆದೆಗೆ ಒರಗಿ ಕೂತೆ. ಬೈರಣ್ಣನ ಹೆಂಡತಿ ಗೌರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಂದೆಯೂ ಒಂದು ರಾಶಿ ಹಾಕಿ ಹೋದಳು. ಸೊಗಡಿನ ಕೈಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಸೆಕೆಂಡು ಎಣಿಸುವ ಗಡಿಯಾರ ಜೇಬಿನಲ್ಲೇ ಇತ್ತು, ತೆಗೆದು ನೋಡುವುದನ್ನೇ ಮರೆತಿದ್ದೆ.

೭ ಜನವರಿ ೧೯೬೨, ಭಾನುವಾರ

ಎರಡನೇ ಭಾನುವಾರವೂ ಸರಿಯಿತ್ತು ಎಂದು ನಿನ್ನೆ ಮಧ್ಯಾಹ್ನ ಕಾರನ್ನು ಮನೆಗೆ ತಂದೆ. ಇವತ್ತು ಬೆಳಿಗ್ಗೆ ಬಲಕ್ಕೆ. ಅಳು ಬರುವುದೊಂದು ಬಾಕಿ. ಹದಿನೈದು ಮೈಲಿ ವೇಗದಲ್ಲಿ, ಬ್ರೇಕನ್ನು ಮುಟ್ಟದೆ, ಬೈರಣ್ಣನ ಮನೆಗೆ ಹೋದೆ.

“ನೀನೂ ಅವರ ಹಾಗೇ ಮಾಡಿಬಿಟ್ಟೆಯಲ್ಲ” ಎಂದೆ.

ಬೈರಣ್ಣ ಸುತ್ತಿಗೆ ತಂದ. ಎಡಗಡೆ ಮುಂದಿನ ಚಕ್ರ ಕಳಚಿ, ಬ್ರೇಕಿನ ಡ್ರಮ್ಮು ತೆಗೆದ. ಒಳಗೆ ಎಣ್ಣೆ ಮಿನುಗುತ್ತಿತ್ತು. ಬೆರಳಿನಿಂದ ಒರೆಸಿ ಮೂಸಿ ನೋಡಿದ. ಆಮೇಲೆ ನಾಲಗೆಗೆ ಇಟ್ಟುಕೊಂಡ. ನನಗೆ ಹೇಸಿಗೆಯಾಯಿತು.

“ಇದು ಗಾಡಿ ಎಣ್ಣೆ ಅಲ್ಲ ಸಾಮಿ. ಎಳ್ಳೆಣ್ಣೆ. ಚೆನ್ನಾಗೈತೆ, ಗಾಣದ್ದು.”

“ಕಾರಿನೊಳಗೆ ಎಳ್ಳೆಣ್ಣೆ ಎಲ್ಲಿಂದ ಬರುತ್ತೆ? ಕಿವಿಗೆ ಹೂ ಇಡಬೇಡ.”

“ಅದ್ನ ನಾನ್ಯಾಕೆ ಹೇಳ್ಲಿ. ನನ್ನತ್ರ ಹದಿನೈದು ದಿನ ಇತ್ತು, ಬರ್ಲಿಲ್ಲ. ನಿಮ್ಮನೇಲಿ ಒಂದಿನ ಇತ್ತು, ಬಂತು. ಎಂಜಿನ್ ಕೆಟ್ರೆ ಎಂಜಿನ್ನ ಕೇಳ್ಬೇಕು. ಇದು ಕೆಟ್ಟಿಲ್ಲ. ಮನೇಲಿ ಕೇಳಿ.”

ಡ್ರಮ್ಮಿನಲ್ಲಿ ಒಂದು ತೂತಿದೆ. ಚಕ್ರದ ಕಡ್ಡಿಗಳ ನಡುವಿನಿಂದ ಕೈ ಹಾಕಿ, ಬ್ರೇಕು ಬಿಗಿ ಮಾಡಲು ಬಿಟ್ಟಿರುವ ತೂತು. ಎಣ್ಣೆ ಅಲ್ಲಿಂದಲೇ ಇಳಿದಿದೆ ಎಂದು ತೋರಿಸಿದ. ಯಾರೋ ಬೇಕೆಂದೇ ಸುರಿದಿದ್ದಾರೆ.

೧೦ ಜನವರಿ, ಬುಧವಾರ

ಯಾರೆಂದು ಹೊಳೆಯಿತು. ತಿಮ್ಮರಾಯಪ್ಪ! ನಾಲ್ಕು ಜನರ ಮುಂದೆ ಮರ್ಯಾದೆ ಕಳೆದೆನಲ್ಲ, ಅದರ ಹಗೆ ತೀರಿಸಿಕೊಳ್ಳುತ್ತಿದ್ದಾನೆ. ಶನಿವಾರ ನಾನು ಕಾರು ತಂದು ನಿಲ್ಲಿಸಿ ಗ್ರಂಥಾಲಯಕ್ಕೆ ಹೋಗುವುದು, ಅಕ್ಕ ಗುಡಿಗೆ ಹೋಗುವುದು, ಎಲ್ಲ ಅವನಿಗೆ ಗೊತ್ತು. ಎಂಜಿನ್ ಎಣ್ಣೆ ಹಾಕಿದರೆ ಸಿಕ್ಕಿಬೀಳುತ್ತೇನೆ ಎಂದು ಎಳ್ಳೆಣ್ಣೆ. ಎಂಥ ತಲೆ! ಬೈಯುವ ಮೊದಲೂ ಎಳೆಯುತ್ತಿತ್ತಲ್ಲ ಎಂದು ಒಂದು ಸಣ್ಣ ಸಂಶಯ ಬಂತು. ಅದನ್ನು ಆಚೆ ತಳ್ಳಿದೆ. ಈ ಶನಿವಾರ ಹಿತ್ತಲಿನ ಸೀಬೆ ಮರದ ಹಿಂದೆ ಕೂತು ಕೈಯಾರೆ ಹಿಡಿಯುತ್ತೇನೆ.

೧೩ ಜನವರಿ, ಶನಿವಾರ

ಸೀಬೆ ಮರದ ಹಿಂದೆ ಕೂತಿದ್ದೆ. ಬಿಸಿಲು ಇಳಿಯುತ್ತಿತ್ತು. ನಾಳೆ ಸಂಕ್ರಾಂತಿ. ಅಕ್ಕಪಕ್ಕದ ಮನೆಗಳಲ್ಲಿ ಕೊಬ್ಬರಿ ಹೆಚ್ಚುವ ಸದ್ದು ಕೇಳುತ್ತಿತ್ತು. ಸುಖವಾದ ಸದ್ದು, ಇನ್ನೇನು ಕಣ್ಣು ಮುಚ್ಚಬೇಕು. ಆಗ ಶೆಡ್ಡಿನ ಬಾಗಿಲು ಕಿರುಗುಟ್ಟಿತು.

ಅಕ್ಕ.

ಗುಡಿಯಿಂದ ಬಂದವಳು ಕೈಕಾಲು ತೊಳೆದು ಬಂದಿದ್ದಳು. ಕೈಯಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ, ಉದ್ದ ಮೂತಿಯದು. ಎಡಗಡೆ ಮುಂದಿನ ಚಕ್ರದ ಹತ್ತಿರ ಮಂಡಿಯೂರಿ ಕೂತಳು. ಕಡ್ಡಿಗಳ ನಡುವೆ ಮೂತಿ ತೂರಿಸಿ, ಆ ತೂತನ್ನು ಹುಡುಕಿ, ಟಕ್ ಟಕ್ ಎಂದು ಒತ್ತಿದಳು. ಆಮೇಲೆ ಹಿಂದಿನ ಚಕ್ರಕ್ಕೆ. ಬಲಗಡೆಯ ಚಕ್ರಗಳು ಗೋಡೆಗೆ ಅಂಟಿವೆ, ಅವಳ ಕೈ ಹೋಗುವುದಿಲ್ಲ. ಅತ್ತ ಕಡೆ ತಿರುಗಿ ಬರೀ ಕೈ ಮುಗಿದಳು.

“ಶನಿ ಮಹಾತ್ಮಾ, ಅವನು ನಿಲ್ಲು ಅಂದ ಕಡೆ ನಿಲ್ಲಿಸಪ್ಪಾ. ಎದುರಿಗೆ ಯಾರೂ ಬರದ ಹಾಗೆ ನೋಡ್ಕೋ. ಒಬ್ಬರನ್ನ ಕಳಿಸಿದ್ದೀನಿ, ಇವನನ್ನ ನನಗೇ ಬಿಡು.”

ನಾನು ಏಳಲಿಲ್ಲ. ಅವಳು ಒಳಗೆ ಹೋದ ಮೇಲೂ ಸೀಬೆ ಮರದ ಹಿಂದೆಯೇ ಕೂತಿದ್ದೆ.

ಊಟಕ್ಕೆ ಕೂತಾಗ ಏನೂ ತಿಳಿಯದವನ ಹಾಗೆ ಕೇಳಿದೆ. “ಹೊಲಿಗೆ ಮಿಷನ್ನಿಗೆ ಎಣ್ಣೆ ಎಲ್ಲಿ ಹಾಕಬೇಕು ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ?”

“ಇದೇನೋ ಕೇಳ್ತೀಯ? ಎಲ್ಲೆಲ್ಲಿ ತೂತು ಬಿಟ್ಟಿದಾರೋ ಅಲ್ಲೆಲ್ಲ. ತೂತು ಬಿಟ್ಟಿರೋದೇ ಎಣ್ಣೆಗೆ ಅಲ್ವಾ” ಎಂದು ನಕ್ಕಳು. ಇನ್ನೊಂದು ಸೌಟು ಹುಳಿ ಬಡಿಸಿದಳು.

ಇಡೀ ಜಯನಗರದ ರವಿಕೆಗಳನ್ನು ಹೊಲಿಯುವವಳು ಅವಳು. ಅವಳಿಗೆ ಗೊತ್ತಿರುವ ಯಂತ್ರ ಅದೊಂದೇ. ದಸರೆಯಲ್ಲಿ ನಾನು ಆಗುವುದಿಲ್ಲ ಎಂದ ಮೇಲೆ, ನನ್ನನ್ನು ಕೇಳುವುದು ಬಿಟ್ಟು ಚಕ್ರವನ್ನು ಕೇಳಿಕೊಂಡಿದ್ದಾಳೆ.

೨೧ ಜನವರಿ, ಭಾನುವಾರ

ಹೇಳಲಿಲ್ಲ. ಎಂಟು ಗ್ರಹ ಕೂಡುವ ದಿನ ಹತ್ತಿರ ಬರುತ್ತಿದೆ. ಈಗ ಎಣ್ಣೆ ನಿಲ್ಲಿಸು ಎಂದರೆ ಹೆದರಿ ಹಾಸಿಗೆ ಹಿಡಿದಾಳು. ನೀನು ಹಾಕಿದ ಎಣ್ಣೆಯಿಂದಲೇ ಎತ್ತಿನ ಗಾಡಿಗೆ ಗುದ್ದುವುದರಲ್ಲಿದ್ದೆ ಎಂದರೆ ಇನ್ನೇನಾದೀತೋ.

ಹಾಗಾಗಿ ಅವಳು ಶನಿವಾರ ಹಾಕುತ್ತಾಳೆ, ನಾನು ಭಾನುವಾರ ತೊಳೆಯುತ್ತೇನೆ. ಅವಳು ಹಾಲಿಗೆಂದು ಹೊರಟ ಕೂಡಲೇ ಚಕ್ರ ಕಳಚಿ, ಪೆಟ್ರೋಲಿನಲ್ಲಿ ಒರೆಸಿ ಒಣಗಿಸುತ್ತೇನೆ. ಬೈರಣ್ಣ ತೋರಿಸಿಕೊಟ್ಟ. ಮೊದಲ ಸಲ ಬೆರಳು ಜಜ್ಜಿಕೊಂಡೆ, ಎರಡನೇ ಸಲ ಕೈ ಪಳಗಿತು. ಡ್ರಮ್ಮಿನೊಳಗೆ ಬೆರಳಾಡಿಸಿದಾಗ ಎಳ್ಳಿನ ವಾಸನೆ ಬರುತ್ತದೆ, ಚಿಕ್ಕಂದಿನಲ್ಲಿ ಅಕ್ಕ ನನ್ನ ತಲೆಗೆ ತಿಕ್ಕುತ್ತಿದ್ದ ಎಣ್ಣೆಯದು. ಕೂತುಬಿಡುತ್ತೇನೆ. ಬಿಸಿಲು ಶೆಡ್ಡಿನ ತಗಡಿನ ತೂತುಗಳಿಂದ ನೆಲದ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಾಗಿ ಬೀಳುತ್ತದೆ. ಚಕ್ರ ತಿರುಗಿ ಹಾಕುವ ಹೊತ್ತಿಗೆ ರಸ್ತೆಯಲ್ಲಿ ಜನ ತುಂಬಿರುತ್ತಾರೆ, ಓಡಿಸಲು ಆಗುವುದಿಲ್ಲ. ಆಗದಿದ್ದರೆ ಬೇಡ.

ತಿಮ್ಮರಾಯಪ್ಪ ನೆನಪಾಗುತ್ತಾನೆ. ಅವನು ಹಾಕಿದ ಸೀಲು ಹೊಸದೇ ಆಗಿತ್ತು. ಗ್ಯಾರೇಜಿನವರು ಸುತ್ತಿ ಕೊಟ್ಟಿದ್ದನ್ನು ಬೈರಣ್ಣ ನೋಡಿ ಹೇಳಿದ.

೪ ಫೆಬ್ರವರಿ, ಭಾನುವಾರ

ಬೀದಿ ಬೀದಿಯಲ್ಲಿ ಭಜನೆ, ಹೋಮದ ಹೊಗೆ. ನಿನ್ನೆ ಅಕ್ಕ ಎರಡು ಪಟ್ಟು ಎಣ್ಣೆ ಸುರಿದಿದ್ದಾಳೆ. ತೊಳೆದೂ ತೊಳೆದೂ ಸಾಕಾಯಿತು.

೬ ಫೆಬ್ರವರಿ, ಮಂಗಳವಾರ

ಲೋಕ ಮುಳುಗಲಿಲ್ಲ. ಹಾಲು ಸಿಕ್ಕಿತು, ನಲ್ಲಿಯಲ್ಲಿ ನೀರು ಬಂತು. ಇನ್ನು ನೆವ ಹೇಳುವ ಹಾಗಿಲ್ಲ ಎಂದು ಸಂಜೆ ಅಕ್ಕನನ್ನು ಕೂರಿಸಿಕೊಂಡು ಹೇಳಿಬಿಟ್ಟೆ. ತೂತು ಯಾವುದಕ್ಕೆ, ಎಣ್ಣೆ ಏನು ಮಾಡುತ್ತದೆ, ಎಲ್ಲವನ್ನೂ. ಎತ್ತಿನ ಗಾಡಿಯದನ್ನು ಮಾತ್ರ ಬಿಟ್ಟೆ. ಅವಳೇ ಕೇಳಿದಳು, “ಎಲ್ಲಾದರೂ ಅನಾಹುತ ಆಗೋದಿತ್ತಾ?” ಅಕ್ಕನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ ನಾನು. ಹೇಳಿದೆ.

ಅವಳ ಮುಖ ನೋಡಲಾಗಲಿಲ್ಲ. ಎದ್ದು ಹೋಗಿ ಎಣ್ಣೆ ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು ಬಂದು ಕೇಳಿದಳು.

“ಮತ್ತೆ ತಿಮ್ಮರಾಯಪ್ಪ?”

“ಏನು ತಿಮ್ಮರಾಯಪ್ಪ?”

“ಅವನು ಮೋಸ ಮಾಡಿದ ಅಂದಿದ್ಯಲ್ಲ. ಅಂಗಡಿ ಮುಂದೆ ನಿಂತು ಬೈದು ಬಂದೆ ಅಂದಿದ್ಯಲ್ಲ. ನಿಮ್ಮ ಭಾವ ಹೋದ ದಿನ ಹೆಗಲು ಕೊಟ್ಟವನು ಕಣೋ ಅವನು.”

ಎಣ್ಣೆ ಹಾಕಿದವನು ನಾನೇ, ತಿಳಿಯದೆ ಹಾಕಿದೆ ಎಂದು ಹೇಳಿ ಕ್ಷಮೆ ಕೇಳುತ್ತೇನೆ ಎಂದೆ. ಇಲ್ಲದಿದ್ದರೆ ಊರಿಡೀ ಅಕ್ಕನನ್ನು ಆಡಿಕೊಂಡು ನಗುತ್ತದೆ. ಅವಳು ತಲೆ ಅಲ್ಲಾಡಿಸಿದಳು. “ಒಂದು ಸುಳ್ಳಿನಿಂದ ಅವನಿಗೆ ಇಷ್ಟಾಗಿದೆ. ಇನ್ನೊಂದು ಬೇಡ.”

೮ ಫೆಬ್ರವರಿ, ಗುರುವಾರ

ಇವತ್ತು ಬೆಳಿಗ್ಗೆ ಮದರಾಸಿಗೆ ಹೊರಡಬೇಕಾಗಿತ್ತು. ಆಫೀಸಿನಲ್ಲಿ ರಜಾ ಅರ್ಜಿಯನ್ನು ವಾಪಸು ತೆಗೆದುಕೊಂಡೆ. ಅಕ್ಕ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಮಿಷನ್ನಿನ ಸದ್ದೂ ಇಲ್ಲ. ಮನೆ ಇಷ್ಟು ನಿಶ್ಶಬ್ದವಾಗಿ ಇರಬಾರದು.

೧೧ ಫೆಬ್ರವರಿ, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, “ನಡಿ” ಎಂದಳು. ಬಸ್ಸಿಗೆ ಹೋಗೋಣ ಎಂದುಕೊಂಡಿದ್ದೆ. ಅವಳು ಶೆಡ್ಡಿನ ಕಡೆ ನಡೆದಳು. ಕಾರನ್ನು ಹೊರಗೆ ತಂದು ನಿಲ್ಲಿಸಿದೆ. ಬಾಗಿಲು ಹಿಡಿದು ಒಂದು ನಿಮಿಷ ನಿಂತಳು, ಆಮೇಲೆ ಕೂತಳು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು.

ಹತ್ತು ಮೈಲಿ ವೇಗದಲ್ಲಿ ಹೋದೆವು. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ಬೀದಿಯಲ್ಲಿ ಹೊಂಗೆಯ ನೆರಳು ಅವಳ ಕೈಮೇಲೆ ಬಿದ್ದು ಹೋಗುತ್ತಿತ್ತು, ಅವಳು ಅದನ್ನೇ ನೋಡುತ್ತಿದ್ದಳು. ಈ ಕಾರಿನಲ್ಲಿ ದಾರಿ ಇಷ್ಟು ಬೇಗ ಮುಗಿಯಿತಲ್ಲ ಎಂದು ನನಗೆ ಅನ್ನಿಸಿದ್ದು ಇದೇ ಮೊದಲು.

ತಿಮ್ಮರಾಯಪ್ಪ ಒಂದು ಸ್ಕೂಟರಿನ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿದ. ಅಕ್ಕನನ್ನು ನೋಡಿ ಎದ್ದು ನಿಂತ. ಲಾರಿಯವರು ಮೂರು ನಾಲ್ಕು ಜನ ಇದ್ದರು. ನಾನು ಬಾಯಿ ತೆರೆಯುವ ಮುಂಚೆ ಅಕ್ಕನೇ ಹೇಳಿದಳು.

“ಮೇಸ್ತ್ರಿಗಳೇ, ಎಣ್ಣೆ ಹಾಕ್ತಿದ್ದವಳು ನಾನು. ಶನಿವಾರ ಶನಿವಾರ, ಆ ಚಕ್ರದ ತೂತಿಗೆ. ಇವನಿಗೆ ಒಳ್ಳೇದಾಗಲಿ ಅಂತ ಹಾಕ್ದೆ. ಅದು ಬ್ರೇಕು ಅಂತ ನನಗೆ ತಿಳೀಲಿಲ್ಲ. ನಿಮ್ಮ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ.”

ಲಾರಿಯವರಲ್ಲಿ ಒಬ್ಬ ನಗಲು ಹೊರಟವನು ಅಕ್ಕನ ಮುಖ ನೋಡಿ ಸುಮ್ಮನಾದ.

“ಕಳ್ಳ ಅಂದವನು ನಾನು. ತಪ್ಪಾಯ್ತು ಮೇಸ್ತ್ರಿ. ನೀವು ಹಾಕಿದ ಸೀಲು ಹೊಸದೇ” ಎಂದೆ. ಅವತ್ತು ಎಷ್ಟು ಜೋರಾಗಿ ಬೈದಿದ್ದೆನೋ ಅಷ್ಟೇ ಜೋರಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಂದದ್ದು ಅರ್ಧ ದನಿ.

ತಿಮ್ಮರಾಯಪ್ಪ ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟ. “ಯಾವ ಎಣ್ಣೆ ಅಮ್ಮಾವ್ರೇ?”

“ಎಳ್ಳೆಣ್ಣೆ.”

“ಎಳ್ಳೆಣ್ಣೆ” ಎಂದು ತನಗೆ ತಾನೇ ಹೇಳಿಕೊಂಡ. ಕಣ್ಣಲ್ಲಿ ನೀರು ಬಂದಿತ್ತು, ಮೊಣಕೈಯಿಂದ ಒರೆಸಿಕೊಂಡ. “ಕಳ್ಳ ಅಂದ್ರಲ್ಲ ಸಾರ್, ಅದು ಎರಡು ದಿನ ನೋವಾಯ್ತು. ಆಮೇಲೆ ಹೋಯ್ತು. ಕಳ್ಳ ಅಲ್ಲ ಅಂತ ನಂಗೇ ಗೊತ್ತಲ್ಲ. ಆದ್ರೆ ಕೈ ಕೆಟ್ಟೋಯ್ತು ಅಂದ್ಕೊಂಡೆ. ಇಪ್ಪತ್ತೆರಡು ವರ್ಷ ಬ್ರೇಕ್ ಮಾಡಿರೋ ಕೈ. ನಾನೇ ಹಾಕಿದ ಸೀಲು ಒಂದೇ ದಿನಕ್ಕೆ ಸೋರಿದ್ರೆ ಇನ್ನೇನು ಅನ್ಕೋಬೇಕು? ನಾಳೆ ಯಾರ ಮನೆ ದೀಪನಾದ್ರೂ ಆರಿಸ್ತೀನಿ ಅಂತ ಭಯ ಬಂತು. ಬಿಟ್ಬಿಟ್ಟೆ.”

ಹೆಸರು ಕೆಡಿಸಿದ್ದೇನೆ ಎಂದು ತಿಳಿದಿದ್ದೆ. ಅದನ್ನು ನಾಲ್ಕು ಜನರ ಮುಂದೆ ಮಾತಾಡಿ ಸರಿ ಮಾಡಬಹುದು ಎಂದು ಬಂದಿದ್ದೆ. ನಾನು ಕೆಡಿಸಿದ್ದು ಬೇರೆಯೇ. ನಾಚಿಕೆಯಿಂದ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

ಅವನು ಅಕ್ಕನನ್ನು ಕೇಳಿದ, “ಈಗ ಮುಟ್ಲಾ ಅಮ್ಮಾವ್ರೇ?”

“ಮುಟ್ಟಿ. ನೀವು ನೋಡ್ದೆ ಇದನ್ನ ಮನೆಗೆ ತಗೊಂಡು ಹೋಗಲ್ಲ.”

ಮೊದಲ ಚಕ್ರ ಕಳಚುವಾಗ ಪ್ರತಿ ಪೆಟ್ಟಿಗೂ ಮೊದಲು ಎರಡು ಸಲ ನೋಡಿಕೊಂಡ. ಸುತ್ತಿಗೆ ಒಂದು ಸಲ ಜಾರಿತು. ಎರಡನೇ ಚಕ್ರಕ್ಕೆ ಬರುವ ಹೊತ್ತಿಗೆ ಪೆಟ್ಟು ಸರಿಯಾಗಿ ಬೀಳತೊಡಗಿತು. ಮೂರನೆಯದಕ್ಕೆ ಶಿಳ್ಳೆ ಹಾಕುತ್ತಿದ್ದ. ಒಂದು ಗಂಟೆಯಾದ ಮೇಲೆ ಕೀಲಿಯನ್ನು ನನ್ನ ಮುಂದೆ ಹಿಡಿದ. “ಓಡ್ಸಿ ನೋಡಿ ಸಾರ್.”

“ನೀವೇ ಓಡಿಸಿ ನೋಡಿ” ಎಂದೆ.

ಅವನು ಸ್ಟೀರಿಂಗಿನ ಹಿಂದೆ ಕೂತ. ಅಕ್ಕ ಪಕ್ಕದಲ್ಲಿ ಹತ್ತಿದಳು. “ಹಿಡಿದ್ರೆ ನಿಲ್ಲುತ್ತೋ ಇಲ್ವೋ ನಾನೇ ನೋಡ್ಬೇಕು” ಎಂದಳು. ನನಗೆ ಜಾಗವಿರಲಿಲ್ಲ. ಕಾರು ಮರಗಳ ನಡುವೆ ತೇಲಿಕೊಂಡು ಹೋಗುವುದನ್ನು ನೋಡುತ್ತಾ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಎಂಜಿನ್ನಿನ ಸದ್ದು ಹೊರಗಿನಿಂದ ಕೇಳುವುದು ಬೇರೆ ಥರ. ಇಷ್ಟು ಚೆನ್ನಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಕೋಟು ಪೇಟದ ಒಬ್ಬರು ತಮ್ಮ ಹಳೆಯ ಕಾರನ್ನು ತಂದು ನಿಲ್ಲಿಸಿದರು. ನನ್ನನ್ನು ಅಂಗಡಿಯವನೆಂದೇ ತಿಳಿದರು.

“ಮೇಸ್ತ್ರಿ ಇಲ್ವೇ?”

“ಇದಾರೆ. ಒಂದು ಬ್ರೇಕ್ ಕೆಲಸ ಇತ್ತು, ಓಡಿಸಿ ನೋಡೋಕೆ ಹೋಗಿದಾರೆ.”

“ಬ್ರೇಕಾ?” ಅವರು ಅನುಮಾನದಿಂದ ನನ್ನನ್ನು ನೋಡಿದರು. “ಅವರ ಬ್ರೇಕ್ ಕೆಲಸ ನಂಬೋ ಹಾಗಿಲ್ಲ ಅಂತ ಯಾರೋ ಹೇಳ್ತಿದ್ರಲ್ಲ?”

“ಹೇಳಿದವನು ನಾನೇ ಸಾರ್” ಎಂದೆ. “ಸುಳ್ಳು ಅದು. ಕೂತ್ಕೊಳ್ಳಿ, ಈಗ ಬರ್ತಾರೆ.”

ಅವರು ಸ್ವಲ್ಪ ಹೊತ್ತು ಯೋಚಿಸಿ, ಟೈರಿನ ಮೇಲಿನ ಧೂಳು ಒರೆಸಿ ಕೂತರು.